ಎಲ್ಲ ಮಂಜೂ ಪೊರೆಯಲ್ಲ

ನಮ್ಮ ಸೋದರಮಾವನಿಗೆ 70 ತುಂಬಿದ ವರ್ಷ ಮನೆಯಲ್ಲೊಂದು ಪವಾಡ ನಡೆಯಿತು. 25 ವರ್ಷಗಳಿಂದ ಚಾಳೀಸಿಲ್ಲದೆ ಪಂಚಾಂಗ ಮುಟ್ಟದಿದ್ದವರು ಒಂದು ಬೆಳಿಗ್ಗೆ ಜಗಲಿಯಲ್ಲಿ ಕೂತು ಬರಿಗಣ್ಣಿನಲ್ಲೇ ಪೇಪರ್ ಓದತೊಡಗಿದರು, ಸಣ್ಣಕ್ಷರದ ಶ್ರದ್ಧಾಂಜಲಿ ಸಮೇತ. ‘ಎಲ್ಲಾ ನುಗ್ಗೆಸೊಪ್ಪಿನ ಮಹಿಮೆ’ ಎಂದರು ಅತ್ತೆ. ಆ ವಾರವಿಡೀ ಬೀದಿಯ ಮೂರು ಮನೆಗಳಲ್ಲಿ ನುಗ್ಗೆಸೊಪ್ಪಿನ ಪಲ್ಯವೇ. ಆರು ತಿಂಗಳು ಕಳೆಯುವಷ್ಟರಲ್ಲಿ ಬಸ್ಸಿನ ಬೋರ್ಡು ಕಾಣದೆ, ತುಮಕೂರಿಗೆ ಹೊರಟ ಮಾವ ತಿಪಟೂರಿನ ಬಸ್ಸು ಹತ್ತಿ ಕೂತಿದ್ದರು.

ಕಣ್ಣಿನ ಡಾಕ್ಟರಿಗೆ ಈ ಪವಾಡ ಹೊಸದಲ್ಲ. ವಯಸ್ಸಾದಂತೆ ಕಣ್ಣಿನ ಮಸೂರದ ನಡುಭಾಗ ಗಟ್ಟಿಯಾಗಿ, ಬೆಳಕನ್ನು ಮೊದಲಿಗಿಂತ ಹೆಚ್ಚು ಬಾಗಿಸುತ್ತದೆ. ಆಗ ಹತ್ತಿರದ್ದು ಸ್ಪಷ್ಟವಾಗುತ್ತದೆ, ದೂರದ್ದು ಮಸುಕಾಗುತ್ತದೆ. ಮರಳಿ ಬಂದ ದೃಷ್ಟಿಯೆಂದು ನಾವು ಸಂಭ್ರಮಿಸಿದ್ದು ಪೊರೆಯ ಮೊದಲ ಹೆಜ್ಜೆಯನ್ನು. ಮಾವನನ್ನು ನೋಡಿದ ಡಾಕ್ಟರು ಅಲ್ಲಿಗೇ ನಿಲ್ಲಿಸಲಿಲ್ಲ. ಪಾಪೆ ಅಗಲವಾಗುವ ಡ್ರಾಪ್ಸ್ ಹಾಕಿ, ಮುಕ್ಕಾಲು ಗಂಟೆ ಬೆಂಚಿನ ಮೇಲೆ ಕೂರಿಸಿ, ಕಣ್ಣಿನ ಹಿಂಭಾಗ ನೋಡಿ ಹೇಳಿದರು: ‘ಪೊರೆ ಇದೆ. ಆದರೆ ಮಂಜು ಬರೀ ಪೊರೆಯದ್ದಲ್ಲ. ನಿಮಗೆ ಶುಗರ್ ಎಷ್ಟು ವರ್ಷದಿಂದ?’ 14 ವರ್ಷದಿಂದ. ಆ 14 ವರ್ಷಗಳಲ್ಲಿ ಮಾವ ಕನ್ನಡಕದ ನಂಬರ್ ಐದು ಸಲ ಬದಲಿಸಿದ್ದರು. ಕಣ್ಣಿನ ಹಿಂಭಾಗವನ್ನು ಒಮ್ಮೆಯೂ ತೋರಿಸಿರಲಿಲ್ಲ.

ಈ ತಪ್ಪು ನಮ್ಮಲ್ಲಿ ಮನೆಮನೆಯದು. ಅದಕ್ಕೊಂದು ಕಾರಣವೂ ಇದೆ. ಶಾಲೆ, ಛತ್ರಗಳಲ್ಲಿ ಶಿಬಿರ ಹೂಡಿ ಹಳ್ಳಿಗರ ಪೊರೆ ತೆಗೆದ ಡಾ. ಎಂ. ಸಿ. ಮೋದಿಯವರ ಕಾಲದಿಂದ ಕನ್ನಡನಾಡು ಪೊರೆಯ ಆಪರೇಷನ್ನನ್ನು ಕಣ್ಣಾರೆ ಕಂಡಿದೆ. ‘ವಯಸ್ಸಾಯ್ತು, ಪೊರೆ ಬಂದಿರಬೇಕು, ಬಲಿತ ಮೇಲೆ ತೆಗೆಸಿದರಾಯ್ತು’ ಎಂಬ ನಂಬಿಕೆ ಹಾಗೆ ಬೇರೂರಿತು. ಪೊರೆಯ ಮಟ್ಟಿಗೆ ಅದು ಮುಕ್ಕಾಲು ಪಾಲು ನಿಜ. ಉಳಿದ ಕಾಯಿಲೆಗಳ ಮಟ್ಟಿಗೆ ಅದೇ ನಂಬಿಕೆ ಕಣ್ಣು ಕಳೆಯುತ್ತದೆ.

ಗಾಜು, ಗೋಡೆ, ವೈರು

ಕಣ್ಣನ್ನು ಒಂದು ಕೋಣೆ ಎಂದುಕೊಳ್ಳಿ. ಮುಂದೆ ಕಿಟಕಿಯ ಗಾಜು, ಅದು ಮಸೂರ. ಹಿಂದೆ ಬೆಳಕು ಬೀಳುವ ಗೋಡೆ, ಅದು ಅಕ್ಷಿಪಟಲ, ಅಂದರೆ ರೆಟಿನಾ. ಗೋಡೆಯ ನಟ್ಟನಡುವಿನ ಪುಟ್ಟ ಜಾಗ ಮ್ಯಾಕ್ಯುಲಾ. ಅಕ್ಷರ ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲವೂ ಅದರಿಂದಲೇ. ಗೋಡೆಯಿಂದ ಮಿದುಳಿಗೆ ಹೋಗುವ ವೈರು ದೃಷ್ಟಿನರ.

ಗಾಜು ಮಬ್ಬಾದರೆ ಪೊರೆ. ಗೋಡೆಯೊಳಗಿನ ಸಣ್ಣ ಪೈಪುಗಳು ಸೋರಿದರೆ ಡಯಾಬಿಟಿಕ್ ರೆಟಿನೋಪತಿ. ಗೋಡೆಯ ನಡುಭಾಗ ವಯಸ್ಸಿಗೆ ಸವೆದರೆ ಮ್ಯಾಕ್ಯುಲಾ ಸವಕಳಿ. ವೈರು ಒಣಗಿದರೆ ಗ್ಲಾಕೋಮಾ. ಗಾಜನ್ನು ಬದಲಿಸಬಹುದು, ಹೋದ ಬೆಳಕು ಮರಳುತ್ತದೆ. ಉಳಿದ ಮೂರರಲ್ಲಿ ಚಿಕಿತ್ಸೆಯ ಮುಖ್ಯ ಕೆಲಸ ಉಳಿದದ್ದನ್ನು ಉಳಿಸುವುದು. ಈ ಒಂದು ವ್ಯತ್ಯಾಸ ನೆನಪಿದ್ದರೆ ಲೇಖನದ ಅರ್ಧ ಓದಿದಂತೆ.

ಪೊರೆ: ಬಲಿಯಲಿ ಎಂದು ಕಾಯಬೇಡಿ

ಹಿಂದೆ ಮಸೂರವನ್ನು ಇಡಿಯಾಗಿ ತೆಗೆದು, ಆಮೇಲೆ ಸೋಡಾಬುಡ್ಡಿ ಕನ್ನಡಕ ಕೊಡುತ್ತಿದ್ದರು. ಆಗ ಪೊರೆ ಪೂರ್ತಿ ಬಲಿಯುವವರೆಗೆ ಕಾಯುವುದಕ್ಕೆ ಅರ್ಥವಿತ್ತು. 1949ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಮೊದಲ ಬಾರಿಗೆ ಕೃತಕ ಮಸೂರವನ್ನು ಕಣ್ಣೊಳಗೆ ಕೂರಿಸಿದರು. ಯುದ್ಧವಿಮಾನದ ಪರ್ಸ್ಪೆಕ್ಸ್ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ಕಣ್ಣು ಅವನ್ನು ಸಹಿಸಿಕೊಂಡದ್ದನ್ನು ಗಮನಿಸಿ ಅವರಿಗೆ ಹೊಳೆದ ಉಪಾಯ ಅದು. ಮದುರೆಯ ಅರವಿಂದ್ ಕಣ್ಣಾಸ್ಪತ್ರೆಯ ಬಳಗ 1992ರಲ್ಲಿ ಆರೋಲ್ಯಾಬ್ ಶುರುಮಾಡಿ ಇಲ್ಲೇ ಮಸೂರ ತಯಾರಿಸತೊಡಗಿದ ಮೇಲೆ ಅದು ಬಡವರ ಕೈಗೂ ಎಟುಕಿತು.

ಈಗಿನ ಫೇಕೋ ವಿಧಾನದಲ್ಲಿ ಸುಮಾರು 2ರಿಂದ 3 ಮಿಲಿಮೀಟರ್ ಗಾಯ ಮಾಡಿ, ಅಲ್ಟ್ರಾಸೌಂಡ್ ಕಂಪನದಿಂದ ಪೊರೆಯನ್ನು ಪುಡಿಮಾಡಿ ಹೀರಿ, ಮಡಚಿದ ಮಸೂರವನ್ನು ಒಳಗಿಟ್ಟು ಬಿಡಿಸುತ್ತಾರೆ. ಸಾಮಾನ್ಯವಾಗಿ ಹೊಲಿಗೆ ಬೇಡ, ಅದೇ ದಿನ ಮನೆಗೆ. ಕಲ್ಲಿನಂತೆ ಬಲಿತ ಪೊರೆಯನ್ನು ಹೀಗೆ ಪುಡಿಮಾಡುವುದು ಕಷ್ಟ. ಅದು ಊದಿಕೊಂಡು ಕಣ್ಣಿನ ಒತ್ತಡ ಏರಿಸುವ ಅಪಾಯವೂ ಉಂಟು. ಹಾಗಾದರೆ ಯಾವಾಗ ಮಾಡಿಸಬೇಕು? ಓದು, ಅಡುಗೆ, ಮೆಟ್ಟಿಲು ಇಳಿಯುವುದು, ರಾತ್ರಿ ಎದುರು ಬರುವ ಲಾರಿಯ ಲೈಟು, ಇವುಗಳಲ್ಲಿ ಯಾವುದಕ್ಕೆ ತೊಂದರೆಯಾದರೂ ಮಾಡಿಸಬಹುದು. ಚಳಿಗಾಲವೇ ಬರಲಿ ಎಂದು ಕಾಯಬೇಕಿಲ್ಲ. ಡ್ರಾಪ್ಸ್‌ನಿಂದ ಪೊರೆ ಕರಗುತ್ತದೆ ಎಂಬ ಜಾಹೀರಾತು ನಂಬಬೇಡಿ. ಹಾಗೆ ಕರಗಿಸುವ ಔಷಧಿ ಇಲ್ಲ.

ಆಪರೇಷನ್‌ಗೆ ಮುನ್ನ ಮೂರು ಮಾತು ಹೇಳಲೇಬೇಕು, ಕೇಳಲೇಬೇಕು. ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ಮಾತ್ರೆ ತೆಗೆದುಕೊಂಡಿದ್ದರೆ ಮೊದಲೇ ತಿಳಿಸಿ. ಆ ಔಷಧಿಯಿಂದ ಪಾಪೆಯ ಸುತ್ತಲಿನ ಪರದೆ ಸಡಿಲವಾಗಿ ಸರ್ಜನ್‌ಗೆ ತೊಡಕಾಗುತ್ತದೆ, ಗೊತ್ತಿದ್ದರೆ ಅವರು ಸಿದ್ಧರಾಗಿರುತ್ತಾರೆ. ಎರಡನೆಯದು, ‘ಹತ್ತಿರ, ದೂರ ಎರಡಕ್ಕೂ ಕನ್ನಡಕ ಬೇಡ’ ಎನ್ನುವ ದುಬಾರಿ ಮಲ್ಟಿಫೋಕಲ್ ಮಸೂರ ಎಲ್ಲರಿಗೂ ಹೊಂದುವುದಿಲ್ಲ. ರೆಟಿನಾ ಅಥವಾ ದೃಷ್ಟಿನರ ಹಾಳಾದವರಿಗೆ ಸಾದಾ ಮಾನೋಫೋಕಲ್ಲೇ ಸಾಮಾನ್ಯವಾಗಿ ವಾಸಿ. ಮೂರನೆಯದು, ‘ನನ್ನ ರೆಟಿನಾ ಹೇಗಿದೆ?’ ಎಂದು ಕೇಳಿ. ಹಿಂದಿನ ಗೋಡೆ ಹಾಳಾಗಿದ್ದರೆ ಮುಂದೆ ಹೊಸ ಗಾಜು ಹಾಕಿಸಿದಷ್ಟಕ್ಕೇ ಕಾಣುವುದಿಲ್ಲ.

ಆಪರೇಷನ್ ಆಗಿ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮತ್ತೆ ಮಂಜು ಬಂದರೆ ಪೊರೆ ಮರಳಿ ಬೆಳೆಯಿತೆಂದಲ್ಲ. ಮಸೂರದ ಹಿಂದಿನ ತೆಳುಪೊರೆ ಮಸುಕಾಗಿರುತ್ತದೆ. ಯಾಗ್ ಲೇಸರ್‌ನಿಂದ ಕೆಲವೇ ನಿಮಿಷಗಳಲ್ಲಿ ಅದನ್ನು ಸರಿಪಡಿಸುತ್ತಾರೆ.

ಸಕ್ಕರೆ: ನೋವಿಲ್ಲ, ಸುಳಿವಿಲ್ಲ

ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ. ಇವರೆಲ್ಲರೂ ವರ್ಷಕ್ಕೊಮ್ಮೆ ರೆಟಿನಾ ತೋರಿಸಿಕೊಳ್ಳಬೇಕಾದವರು.

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ರೆಟಿನಾದ ಕೂದಲಿಗಿಂತ ಸಣ್ಣ ರಕ್ತನಾಳಗಳ ಗೋಡೆ ದುರ್ಬಲವಾಗುತ್ತದೆ. ಮೊದಲು ಅಲ್ಲಲ್ಲಿ ಚುಕ್ಕಿಯಂಥ ಉಬ್ಬು, ಆಮೇಲೆ ರಕ್ತ, ಕೊಬ್ಬಿನಂಶ ಒಸರುವುದು. ಈ ಹಂತದಲ್ಲಿ ರೋಗಿಗೆ ಏನೂ ಗೊತ್ತಾಗುವುದಿಲ್ಲ, ಕಣ್ಣಾಸ್ಪತ್ರೆಯ ಅಕ್ಷರದ ಬೋರ್ಡಿನ ಕೊನೆಯ ಸಾಲೂ ಓದಬಲ್ಲರು. ಒಸರಿದ ನೀರು ಮ್ಯಾಕ್ಯುಲಾದಲ್ಲಿ ನಿಂತರೆ ಅಕ್ಷರ ಮಸುಕಾಗುತ್ತದೆ. ಇನ್ನೊಂದು ಕಡೆ, ನಾಳಗಳು ಕಟ್ಟಿಕೊಂಡು ರಕ್ತ ತಲುಪದ ಜಾಗ ‘ಹೊಸ ನಾಳ ಬೇಕು’ ಎಂದು ವಿಇಜಿಎಫ್ ಎಂಬ ಪ್ರೋಟೀನ್ ಮೂಲಕ ಕೂಗು ಹಾಕುತ್ತದೆ. ಹಾಗೆ ಹುಟ್ಟುವ ಹೊಸ ನಾಳಗಳು ದುರ್ಬಲ; ಒಡೆದು ಕಣ್ಣೊಳಗೆ ರಕ್ತ ತುಂಬುತ್ತವೆ, ಒಣಗುತ್ತಾ ರೆಟಿನಾವನ್ನೇ ಅದರ ಜಾಗದಿಂದ ಎಳೆದು ಕೀಳುತ್ತವೆ. ನಿನ್ನೆಯವರೆಗೆ ಚೆನ್ನಾಗಿ ಕಾಣುತ್ತಿದ್ದ ಕಣ್ಣಿಗೆ ಬೆಳಿಗ್ಗೆ ಕಪ್ಪು ಜೇಡರಬಲೆ ಕಟ್ಟಿದಂತೆ ಕಾಣುವುದು ಹೀಗೆ.

ಮಾವನ ರೆಟಿನಾವನ್ನು ಓಸಿಟಿ ಯಂತ್ರದಲ್ಲಿ ಸ್ಕ್ಯಾನ್ ಮಾಡಿದಾಗ ಪರದೆಯ ಮೇಲೆ ಪದರ ಪದರವಾಗಿ ಚಿತ್ರ ಬಂತು. ಆರೋಗ್ಯವಂತ ಕಣ್ಣಿನಲ್ಲಿ ಆ ಪದರಗಳ ನಡುವೆ ಅಂಗೈ ಗುಳಿಯಂಥ ಒಂದು ಪುಟ್ಟ ತಗ್ಗು ಇರಬೇಕು. ಮಾವನ ಎಡಗಣ್ಣಿನಲ್ಲಿ ತಗ್ಗಿನ ಜಾಗದಲ್ಲಿ ಪೂರಿಯಂತೆ ಉಬ್ಬಿದ ದಿಬ್ಬ, ಅದರೊಳಗೆ ಕಪ್ಪು ನೀರುಗುಳ್ಳೆಗಳು. ಕನ್ನಡಕದಂಗಡಿಯಲ್ಲಿ ನಂಬರ್ ಎಷ್ಟು ಸಲ ಬದಲಿಸಿದರೂ ಈ ದಿಬ್ಬ ಇಳಿಯುತ್ತಿರಲಿಲ್ಲ.

ಚಿಕಿತ್ಸೆ ಹಂತಕ್ಕೆ ತಕ್ಕಂತೆ. ಆರಂಭದಲ್ಲಿ ಸಕ್ಕರೆ, ಬಿಪಿ, ಕೊಲೆಸ್ಟರಾಲ್ ಹತೋಟಿಯೇ ಮದ್ದು. ಟೈಪ್ 1 ಮಧುಮೇಹಿಗಳ ಮೇಲೆ ಅಮೆರಿಕ, ಕೆನಡಾಗಳಲ್ಲಿ ನಡೆದ, 1993ರಲ್ಲಿ ಪ್ರಕಟವಾದ ಡಿಸಿಸಿಟಿ ಅಧ್ಯಯನದಲ್ಲಿ ಬಿಗಿ ಹತೋಟಿಯಿಂದ ರೆಟಿನೋಪತಿ ಬರುವ ಅಪಾಯ 76% ತಗ್ಗಿತ್ತು. ಮ್ಯಾಕ್ಯುಲಾ ಊದಿದ್ದರೆ ಕಣ್ಣೊಳಗೆ ಇಂಜೆಕ್ಷನ್: ರ‍್ಯಾನಿಬಿಜುಮ್ಯಾಬ್, ಅಫ್ಲಿಬರ್ಸೆಪ್ಟ್, ಬೆವಾಸಿಜುಮ್ಯಾಬ್ ಇತ್ಯಾದಿ. ಮೂರೂ ವಿಇಜಿಎಫ್‌ನ ಕೂಗನ್ನು ಅಡಗಿಸುತ್ತವೆ. ಬೆಲೆಯಲ್ಲಿ ಮಾತ್ರ ಅಜಗಜಾಂತರ. ಮೂಲತಃ ಕ್ಯಾನ್ಸರ್ ಔಷಧಿಯಾದ ಬೆವಾಸಿಜುಮ್ಯಾಬ್ ಅಗ್ಗ. ಯಾವುದು, ಏಕೆ, ಎಷ್ಟು ಸಲ ಎಂದು ಮೊದಲೇ ಕೇಳಿಕೊಳ್ಳಿ. ಮೊದಲ ಕೆಲವು ಡೋಸ್ ತಿಂಗಳಿಗೊಂದು, ಆಮೇಲೆ ಅಂತರ ಹೆಚ್ಚಿಸುತ್ತಾರೆ. ಒಂದು ಇಂಜೆಕ್ಷನ್‌ಗೇ ಸರಿಹೋಯಿತೆಂದು ನಿಲ್ಲಿಸುವವರಿದ್ದಾರೆ, ಅವರಲ್ಲಿ ನೀರು ಮತ್ತೆ ನಿಲ್ಲಬಹುದು.

‘ಕಣ್ಣಿಗೆ ಸೂಜಿಯೇ!’ ಎಂದು ಮಾವ ಒಂದು ರಾತ್ರಿ ನಿದ್ದೆ ಕೆಟ್ಟರು. ಮರಗಟ್ಟಿಸುವ ಡ್ರಾಪ್ಸ್ ಹಾಕಿ, ಬಿಳಿಗುಡ್ಡೆಯ ಮೂಲಕ ತೆಳುಸೂಜಿಯಲ್ಲಿ ಕೊಟ್ಟದ್ದು ಕೆಲವೇ ಸೆಕೆಂಡು. ‘ಇರುವೆ ಕಚ್ಚಿದ ಹಾಗಾಯ್ತು’ ಎಂದರು. ಚುಚ್ಚಿದ ಜಾಗದಲ್ಲಿ ಕೆಂಪು ಕಲೆ ಕೆಲವು ದಿನ ಇರುತ್ತದೆ, ಹೆದರಬೇಕಿಲ್ಲ. ನೋವು ಹೆಚ್ಚುತ್ತಾ ಹೋದರೆ, ದೃಷ್ಟಿ ಕುಗ್ಗಿದರೆ ಅದು ಸೋಂಕಿನ ಸೂಚನೆಯಿರಬಹುದು. ಅದೇ ದಿನ ಆಸ್ಪತ್ರೆಗೆ ಮರಳಬೇಕು.

ಹೊಸ ನಾಳ ಹುಟ್ಟಿದ್ದರೆ ಲೇಸರ್. ರೆಟಿನಾದ ಅಂಚಿನಲ್ಲಿ ನೂರಾರು ಸಣ್ಣ ಸುಟ್ಟ ಚುಕ್ಕಿ ಹಾಕಿ, ರಕ್ತ ಬೇಡುವ ಜಾಗವನ್ನೇ ಕಡಿಮೆ ಮಾಡುತ್ತಾರೆ. ಲೇಸರ್ ನಂತರ ಕತ್ತಲಲ್ಲಿ, ಬದಿಯಲ್ಲಿ ಸ್ವಲ್ಪ ಮಂಕೆನಿಸಬಹುದು. ನಡುದೃಷ್ಟಿ ಉಳಿಸಲು ತೆರುವ ಬೆಲೆ ಅದು. ರಕ್ತ ತುಂಬಿದರೆ, ರೆಟಿನಾ ಕಿತ್ತರೆ ವಿಟ್ರೆಕ್ಟಮಿ ಆಪರೇಷನ್. ಅದರಲ್ಲಿ ಕಣ್ಣೊಳಗೆ ಗ್ಯಾಸ್ ತುಂಬಿದ್ದರೆ ಡಾಕ್ಟರು ಹೇಳುವ ತನಕ ವಿಮಾನ ಹತ್ತಕೂಡದು.

‘ಇನ್ಸುಲಿನ್ ಶುರುಮಾಡಿದ ಮೇಲೇ ಕಣ್ಣು ಹೋಯ್ತು’ ಎಂಬ ದೂರೂ ಕೇಳಿಬರುತ್ತದೆ. ಅದರ ಹಿಂದೆ ಅರ್ಧ ಸತ್ಯವಿದೆ. ಬಹುಕಾಲ ಏರಿದ್ದ ಸಕ್ಕರೆಯನ್ನು ದಿಢೀರನೆ ಇಳಿಸಿದಾಗ ಮೊದಲೇ ಹಾಳಾಗಿದ್ದ ರೆಟಿನಾ ಕೆಲಕಾಲ ಹದಗೆಡಬಹುದು. ದೂರದ ಲೆಕ್ಕದಲ್ಲಿ ಹತೋಟಿಯೇ ಲಾಭ. ಆದ್ದರಿಂದ ಇನ್ಸುಲಿನ್ ಬಿಡಬೇಡಿ, ಬಿಗಿ ಚಿಕಿತ್ಸೆ ಶುರುಮಾಡುವ ಮುನ್ನ ರೆಟಿನಾ ತೋರಿಸಿ. ಸಕ್ಕರೆ ಏರುಪೇರಾಗುವಾಗ ಕನ್ನಡಕದ ನಂಬರೂ ಏರುಪೇರಾಗುತ್ತದೆ. ಹತೋಟಿಗೆ ಬಂದ ಮೇಲೆಯೇ ಹೊಸ ಕನ್ನಡಕ ಮಾಡಿಸಿ, ದುಡ್ಡು ಉಳಿಯುತ್ತದೆ.

ಗ್ಲಾಕೋಮಾ: ಅಂಚಿನಿಂದ ಕದಿಯುವ ಕಳ್ಳ

ಕಣ್ಣೊಳಗೆ ಹುಟ್ಟುವ ದ್ರವ ಸರಿಯಾಗಿ ಹೊರಹೋಗದಿದ್ದರೆ ಒತ್ತಡ ಏರುತ್ತದೆ, ದೃಷ್ಟಿನರ ಒಣಗುತ್ತದೆ. ಸಾಮಾನ್ಯ ಒತ್ತಡ 10ರಿಂದ 21 ಮಿಲಿಮೀಟರ್ ಪಾದರಸ. ಒತ್ತಡ ಈ ಮಿತಿಯೊಳಗಿದ್ದವರಿಗೂ ಗ್ಲಾಕೋಮಾ ಬರುವುದುಂಟು. ಹೀಗಾಗಿ ಒತ್ತಡದ ಜೊತೆ ನರವನ್ನು ನೋಡಿ, ದೃಷ್ಟಿಯ ಹರವನ್ನು ಅಳೆಯುವ ಫೀಲ್ಡ್ ಟೆಸ್ಟ್ ಮಾಡಬೇಕು. ಗ್ಲಾಕೋಮಾ ದೃಷ್ಟಿಯನ್ನು ಅಂಚಿನಿಂದ ಕದಿಯುತ್ತದೆ. ಪಕ್ಕದಿಂದ ಬಂದ ಸೈಕಲ್ ಕಾಣದೆ ಡಿಕ್ಕಿ, ಹೊಸ್ತಿಲು ಎಡವುವುದು, ಇವನ್ನೆಲ್ಲ ವಯಸ್ಸಿನ ಲೆಕ್ಕಕ್ಕೆ ಬರೆಯುತ್ತೇವೆ. ಒಡಹುಟ್ಟಿದವರಿಗೆ, ತಂದೆತಾಯಿಗೆ ಇದ್ದರೆ ನಿಮ್ಮ ಸರದಿ ತಪಾಸಣೆಗೆ.

ಚಿಕಿತ್ಸೆಯ ಮೊದಲ ಮೆಟ್ಟಿಲು ಡ್ರಾಪ್ಸ್, ಬಿಪಿ ಮಾತ್ರೆಯಂತೆ ದಿನವೂ, ಬಹುಮಟ್ಟಿಗೆ ಜೀವನಪರ್ಯಂತ. ಕೆಳರೆಪ್ಪೆ ಎಳೆದು ಒಂದೇ ಹನಿ. ಕಣ್ಣು ಮುಚ್ಚಿ, ಮೂಗಿನ ಕಡೆಯ ಮೂಲೆಯನ್ನು ಒಂದೆರಡು ನಿಮಿಷ ಬೆರಳಿನಿಂದ ಒತ್ತಿಹಿಡಿಯಿರಿ. ಔಷಧಿ ಗಂಟಲಿಗಿಳಿಯದೆ ಕಣ್ಣಲ್ಲೇ ಉಳಿಯುತ್ತದೆ. ಎರಡು ಬಗೆಯ ಡ್ರಾಪ್ಸ್ ನಡುವೆ ಐದು ನಿಮಿಷ ಬಿಡಿ. ಆಸ್ತಮಾ ಇರುವವರು ಮೊದಲೇ ಹೇಳಬೇಕು, ಟಿಮೋಲಾಲ್ ಎಂಬ ಡ್ರಾಪ್ಸ್ ಉಸಿರು ಕಟ್ಟಿಸಬಲ್ಲದು. ಡ್ರಾಪ್ಸ್ ಸಾಲದಿದ್ದರೆ ಲೇಸರ್, ಆಪರೇಷನ್ ಇವೆ. ಕಣ್ಣು ಕೆಂಪಾಯಿತೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಡ್ರಾಪ್ಸನ್ನು ತಿಂಗಳುಗಟ್ಟಲೆ ಹಾಕಿಕೊಂಡು ಗ್ಲಾಕೋಮಾ ತಂದುಕೊಂಡವರೂ ಇದ್ದಾರೆ.

ಮ್ಯಾಕ್ಯುಲಾ ಸವಕಳಿ: ಬಚ್ಚಲ ಟೈಲ್ಸಿನ ಪರೀಕ್ಷೆ

ವಯಸ್ಸಿನಿಂದ ಮ್ಯಾಕ್ಯುಲಾ ಸವೆಯುವುದರಲ್ಲಿ ಎರಡು ಬಗೆ. ಒಣ ಬಗೆ ನಿಧಾನ. ಒದ್ದೆ ಬಗೆಯಲ್ಲಿ ರೆಟಿನಾದಡಿ ಹೊಸ ನಾಳ ನುಗ್ಗಿ ಸೋರುತ್ತದೆ. ದಿನಗಳಲ್ಲೇ ದೃಷ್ಟಿ ಕುಸಿಯಬಹುದು. ಇದಕ್ಕೂ ಮೇಲೆ ಹೇಳಿದ ಇಂಜೆಕ್ಷನ್‌ಗಳೇ ಮದ್ದು, ಬೇಗ ಹೋದಷ್ಟೂ ಫಲ.

ಮನೆಯಲ್ಲೇ ಪರೀಕ್ಷಿಸಿಕೊಳ್ಳಿ. ಓದುವ ಕನ್ನಡಕ ಹಾಕಿ, ಒಂದು ಕಣ್ಣು ಮುಚ್ಚಿ, ಚೌಕುಳಿ ಪುಸ್ತಕದ ಹಾಳೆಯ ನಡುವಿನ ಒಂದು ಚುಕ್ಕಿ ನೋಡಿ. ಬಚ್ಚಲ ಟೈಲ್ಸು, ಕಿಟಕಿಯ ಸರಳೂ ಆದೀತು. ಗೆರೆ ಡೊಂಕಾಗಿ, ಅಲೆಯಾಗಿ ಕಂಡರೆ, ನಡುವೆ ಚೌಕುಳಿ ಮಾಯವಾಗಿದ್ದರೆ ಅದೇ ವಾರ ರೆಟಿನಾ ತಜ್ಞರನ್ನು ಕಾಣಿ. ಎರಡೂ ಕಣ್ಣು ತೆರೆದು ನೋಡಿದರೆ ಒಳ್ಳೆಯ ಕಣ್ಣು ಕೆಟ್ಟದ್ದರ ತಪ್ಪನ್ನು ಮುಚ್ಚಿಹಾಕುತ್ತದೆ.

ಬೀಡಿ, ಸಿಗರೇಟು ಬಿಡುವುದು ಇಲ್ಲಿ ದೊಡ್ಡ ಮದ್ದು. ಒಣ ಬಗೆ ಮಧ್ಯಮ ಹಂತ ಮುಟ್ಟಿದವರಿಗೆ ಲೂಟೀನ್, ಜಿಯಾಕ್ಸಾಂಥಿನ್, ಸತು, ವಿಟಮಿನ್ ಸಿ, ಇ ಇರುವ ಮಾತ್ರೆ ರೋಗದ ವೇಗ ತಗ್ಗಿಸುತ್ತದೆ. ಎಲ್ಲರಿಗೂ ಅದು ಬೇಡ. ಅತ್ತೆಯ ನುಗ್ಗೆಸೊಪ್ಪು, ಪಾಲಕ್, ದಂಟಿನ ಸೊಪ್ಪು ಊಟಕ್ಕೆ ಖಂಡಿತ ಒಳ್ಳೆಯದು, ಚಿಕಿತ್ಸೆಗೆ ಬದಲಿಯಲ್ಲ.

ಇನ್ನೊಂದು ಮಾತು. ದೃಷ್ಟಿ ಬಹಳ ಕುಗ್ಗಿದ ಹಿರಿಯರು ‘ಅಂಗಳದಲ್ಲಿ ಯಾರೋ ಪುಟ್ಟ ಮಕ್ಕಳು ನಿಂತಿದ್ದಾರೆ’ ಎನ್ನುವುದುಂಟು. ಬುದ್ಧಿ ಕೆಟ್ಟಿತೆಂದೋ, ಗಾಳಿ ಸೋಕಿತೆಂದೋ ಓಡಾಡಬೇಡಿ. ಕಣ್ಣಿನಿಂದ ಸುದ್ದಿ ಬರದಾದಾಗ ಮಿದುಳು ತಾನೇ ಚಿತ್ರ ಕಟ್ಟುತ್ತದೆ. ಸ್ವಿಸ್ ವಿಜ್ಞಾನಿ ಚಾರ್ಲ್ಸ್ ಬಾನೆ ತನ್ನ ತಾತನಲ್ಲಿ ಇದನ್ನು ಕಂಡು 18ನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಡಾಕ್ಟರಿಗೆ ತಿಳಿಸಿ, ಹಿರಿಯರಿಗೆ ಧೈರ್ಯ ಹೇಳಿ.

ಯಾರು, ಯಾವಾಗ ತೋರಿಸಬೇಕು?

- ಟೈಪ್ 2 ಮಧುಮೇಹ: ಗೊತ್ತಾದ ಕೂಡಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ.
- ಟೈಪ್ 1: ಗೊತ್ತಾಗಿ ಐದು ವರ್ಷದೊಳಗೆ ಶುರು, ಆಮೇಲೆ ವರ್ಷಕ್ಕೊಮ್ಮೆ.
- ಮೊದಲೇ ಮಧುಮೇಹವಿದ್ದ ಗರ್ಭಿಣಿ: ಮೊದಲ ಮೂರು ತಿಂಗಳೊಳಗೆ.
- ಮಧುಮೇಹವಿಲ್ಲದವರು: ಚಾಳೀಸಿನ ವಯಸ್ಸಿಗೆ ಪೂರ್ಣ ತಪಾಸಣೆ ಒಮ್ಮೆ, 60 ದಾಟಿದ ಮೇಲೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ.

ಹೋಗುವ ದಿನ ಜೊತೆಗೊಬ್ಬರು ಇರಲಿ. ಡ್ರಾಪ್ಸ್ ಹಾಕಿದ ಮೇಲೆ ನಾಲ್ಕೈದು ಗಂಟೆ ಹತ್ತಿರದ್ದು ಮಸುಕು, ಬಿಸಿಲು ಚುಚ್ಚುತ್ತದೆ, ಗಾಡಿ ಓಡಿಸುವಂತಿಲ್ಲ. ಮಾತ್ರೆಗಳ ಪಟ್ಟಿ, ಇತ್ತೀಚಿನ ಎಚ್‌ಬಿಎ1ಸಿ ರಿಪೋರ್ಟು, ಹಳೆಯ ಕನ್ನಡಕ, ಹಳೆಯ ಸ್ಕ್ಯಾನುಗಳನ್ನು ಒಯ್ಯಿರಿ. ರೆಟಿನಾದ ಆಂಜಿಯೋಗ್ರಾಮ್‌ಗೆಂದು ಕೈನರಕ್ಕೆ ಹಳದಿ ಬಣ್ಣ ಕೊಟ್ಟರೆ ಮಾರನೆಯ ದಿನದವರೆಗೂ ಮೂತ್ರ ಗಾಢ ಹಳದಿಯಾಗಿರುತ್ತದೆ, ಗಾಬರಿಯಾಗಬೇಡಿ.

ದಿನಾಂಕ ನೋಡದೆ ಓಡಬೇಕಾದ ಸಂದರ್ಭಗಳೂ ಇವೆ: ಕಣ್ಣೆದುರು ಪರದೆ ಇಳಿದಂತಾದರೆ, ಮಿಂಚು ಹೊಳೆದಂತಾಗಿ ಕಪ್ಪು ಚುಕ್ಕಿಗಳು ಒಮ್ಮೆಲೇ ಸುರಿದರೆ, ಕಣ್ಣು ಕೆಂಪಾಗಿ ತಲೆ ಸಿಡಿಯುತ್ತಾ ವಾಂತಿಯಾಗಿ ದೀಪದ ಸುತ್ತ ಬಣ್ಣದ ಬಳೆ ಕಂಡರೆ, ಒಂದು ಕಣ್ಣು ಥಟ್ಟನೆ ಕತ್ತಲಾದರೆ. ಇಂಥಲ್ಲಿ ನಂದಿಬಟ್ಟಲು ಹೂವಿನ ರಸ, ಎದೆಹಾಲು, ಹರಳೆಣ್ಣೆ ಹಾಕುತ್ತಾ ಕೂತರೆ ಕಳೆಯುವುದು ಸಮಯ, ಸೇರುವುದು ಸೋಂಕು.

ಖರ್ಚಿನ ಭಯಕ್ಕೆ ತಪಾಸಣೆ ಮುಂದೂಡಬೇಡಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಪೊರೆ ಆಪರೇಷನ್ ಉಚಿತ. ಬೆಂಗಳೂರಿನಲ್ಲಿ ಶತಮಾನ ಕಂಡ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆ ಇದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಯಾವ ಚಿಕಿತ್ಸೆ ಸಿಗುತ್ತದೆಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ.

‘ಕಣ್ಣು ಹೋದರೆ ದಾನದ ಕಣ್ಣು ಹಾಕಿಸಿದರಾಯ್ತು’ ಎಂಬ ಭರವಸೆಯನ್ನೂ ಬಿಡಿ. 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದು ನಿಜ, ಆದರೆ ಕಸಿ ಮಾಡುವುದು ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾವನ್ನು ಮಾತ್ರ. ಸತ್ತ ರೆಟಿನಾಕ್ಕೆ, ಒಣಗಿದ ನರಕ್ಕೆ ಬದಲಿ ಇಲ್ಲ. ಕೊಡುವವರಿಗೆ ಮಾತ್ರ ಅಡ್ಡಿಯಿಲ್ಲ. ಮಧುಮೇಹಿಗಳೂ, ಪೊರೆ ತೆಗೆಸಿದವರೂ ನೇತ್ರದಾನ ಮಾಡಬಹುದು.

ಮಾವನಿಗೆ ಮೊದಲು ಇಂಜೆಕ್ಷನ್ ಕೊಟ್ಟು ನೀರು ಇಳಿಸಿ, ಆಮೇಲೆ ಪೊರೆ ತೆಗೆದರು. ಅಕ್ಷರದ ಬೋರ್ಡಿನ ಲೆಕ್ಕದಲ್ಲಿ ಬಲಗಣ್ಣು 6/9ಕ್ಕೆ ಬಂದಿದೆ. ಎಡಗಣ್ಣು 6/24ರಲ್ಲೇ ನಿಂತಿದೆ, ಇನ್ನು ಮೇಲೇರದು ಎಂದಿದ್ದಾರೆ. ಬಸ್ಸಿನ ಬೋರ್ಡು ಬಲಗಣ್ಣಿಗೆ ಕಾಣುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಈಗ ಯುಗಾದಿ, ದೀಪಾವಳಿಗಳ ಜೊತೆ ಕೆಂಪು ಶಾಯಿಯಲ್ಲಿ ಒಂದು ದಿನ ಗುರುತಾಗಿದೆ: ‘ಕಣ್ಣಿನ ಹಿಂಭಾಗ ತೋರಿಸುವುದು’. ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ, 60 ದಾಟಿದವರಿದ್ದರೆ, ಇಂದೇ ಒಂದು ದಿನ ಗುರುತು ಹಾಕಿ. ಕಣ್ಣು ಚೆನ್ನಾಗಿ ಕಾಣುತ್ತಿರುವಾಗಲೇ ಹೋಗಿ ಬನ್ನಿ.